ಅಂಗಳಕ್ಕೆ ಬಂದ ವಯ್ಯಾರಿ

ಡಚ್ಚರು 1825ರಲ್ಲಿ ಭೀಮುನಿಪಟ್ಟಣವನ್ನು ಇಂಗ್ಲಿಷರಿಗೊಪ್ಪಿಸಿ ಹೊರಟುಹೋದರು. ಅವರ ಸಮಾಧಿಗಳು ಮಾತ್ರ ಉಳಿದಿವೆ. ಆದರೆ ಕಡಲಾಚೆಯಿಂದ ಬಂದ ಇನ್ನೊಬ್ಬ ಅತಿಥಿ ಹೊರಡುವ ಲಕ್ಷಣವೇ ಇಲ್ಲ. ಮಳೆ ಬಿದ್ದೊಡನೆ ಹುಲ್ಲುಹಾಸಿನ ನಡುವೆ ಸೀಳೆಲೆಯ ಗಿಡವೊಂದು ಏಳುತ್ತದಲ್ಲ, ಅದು. ತೆಲುಗರು ಅದಕ್ಕೆ ‘ವಯ್ಯಾರಿಭಾಮ’ ಎಂದು ಬೆಡಗಿನ ಹೆಸರಿಟ್ಟಿದ್ದಾರೆ. ನಮ್ಮೂರಿನಲ್ಲಿ ನಾವು ಬೈಯುತ್ತಿದ್ದ ‘ಕಾಂಗ್ರೆಸ್ ಹುಲ್ಲು’ ಇದೇ, ಪಾರ್ಥೇನಿಯಂ.

ಅಮೆರಿಕಾ ಖಂಡದ ಈ ಕಳೆಯನ್ನು 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಿದರು. ಆಮದಾದ ಗೋಧಿಯೊಡನೆ ಬಂತೆಂಬುದು ರೂಢಿಯ ಮಾತು. ಮುಂದೆ ಬೆಂಗಳೂರಿನ ಖಾಲಿ ನಿವೇಶನಗಳೆಲ್ಲ ಅದರ ಪಾಲಾದವು. ಮುಟ್ಟಿದವರಿಗೆ ತುರಿಕೆ, ಪರಾಗ ಕುಡಿದವರಿಗೆ ಉಬ್ಬಸ. ಕರ್ನಾಟಕ ಸರ್ಕಾರ 1975ರಲ್ಲಿ ಇದನ್ನು ಉಪದ್ರವಕಾರಿ ಕಳೆಯೆಂದು ಘೋಷಿಸಿತು. ಕಾನೂನಿಗೆ ಗಿಡ ಹೆದರೀತೆ? ಕೊನೆಗೆ ವಿಜ್ಞಾನಿಗಳು ಮೆಕ್ಸಿಕೋದ ಪುಟ್ಟ ದುಂಬಿಯನ್ನು ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಕೆಲವೇ ವರ್ಷಗಳಲ್ಲಿ ಅದು ಮೈದಾನ ಮೈದಾನವನ್ನೇ ಬೋಳಿಸಿತು. 1990ರ ದಶಕದಲ್ಲಿ ಸೂರ್ಯಕಾಂತಿಯ ಮೇಲೂ ಕಂಡಿತೆಂದು ಗಾಬರಿಯೆದ್ದು, ವಿಚಾರಣೆಯೂ ನಡೆಯಿತು. ಇಷ್ಟಾದರೂ ಕಳೆ ನಿರ್ವಂಶವಾಗಲಿಲ್ಲ.

ಅಂಗಳದ ಮಟ್ಟಿಗೆ ದುಂಬಿಯನ್ನು ಕಾಯುವುದು ಬೇಡ. ಹೂ ಬಿಡುವ ಮೊದಲೇ, ಮಣ್ಣು ಹಸಿಯಿದ್ದಾಗ, ಕೈಚೀಲ ತೊಟ್ಟು ಬೇರುಸಹಿತ ಕೀಳಬೇಕು. ಬರೀ ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಹೂಬಿಟ್ಟದ್ದನ್ನು ಗೊಬ್ಬರದ ಗುಂಡಿಗೆ ಹಾಕುವುದೂ ತಪ್ಪು. ಒಂದೊಂದು ಗಿಡದಲ್ಲಿ ಸಾವಿರಾರು ಬೀಜ. ಉಬ್ಬಸದವರನ್ನು, ಮಕ್ಕಳನ್ನು ಈ ಕೆಲಸಕ್ಕೆ ಕರೆಯಬೇಡಿ. ಕಿತ್ತ ಜಾಗವನ್ನು ಬರಿದು ಬಿಡದೆ ಅಂದೇ ಗರಿಕೆ ನೆಡಿ. ಕೂಲಿಯವನಿಗೆ ಹೇಳುವುದೂ ಸುಲಭ, ತೆಲುಗಿನಲ್ಲೂ ಅದು ‘ಗರಿಕ’ವೇ.