ತುಳುನಾಡಿನ ಎಣ್ಣೆಮರಗಳು

ಮರದ ಕಾಯಿಯಿಂದಲೋ ಬೀಜದಿಂದಲೋ ಎಣ್ಣೆ ತೆಗೆದು ಅಡುಗೆಗೆ, ದೀಪಕ್ಕೆ, ಮೈಗೆ, ಮದ್ದಿಗೆ ಮತ್ತು ದೇವರ ಕಾರ್ಯಕ್ಕೆ ಬಳಸುವ ಪದ್ಧತಿ ಬಹಳ ಹಳೆಯದು. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲಿ ಈ ಐದೂ ಕೆಲಸಗಳನ್ನು ಸುಮಾರು 6,000 ವರ್ಷಗಳಿಂದ ಆಲಿವ್ ಎಂಬ ಒಂದೇ ಮರ ನಿರ್ವಹಿಸಿಕೊಂಡು ಬಂದಿದ್ದರೆ, ಕರ್ನಾಟಕದ ಕರಾವಳಿಯ ದಕ್ಷಿಣ ಭಾಗವಾದ ತುಳುನಾಡಿನಲ್ಲಿ ಅವು ತೆಂಗು, ಹೊನ್ನೆ, ಧೂಪ, ಮುರುಗಲು ಮೊದಲಾದ ಹಲವು ಮರಗಳ ನಡುವೆ ಹಂಚಿಹೋಗಿದ್ದವು. ಇವುಗಳಲ್ಲಿ ತೆಂಗು ಮಾತ್ರ ಐದೂ ಕೆಲಸಗಳಿಗೆ ಒದಗಿತು.

ಆಲಿವ್ ಮರ ಹೂಬಿಡಬೇಕಾದರೆ ಚಳಿಗಾಲದ ತಂಪು ಬೇಕು, ಕಾಯಿ ಬಲಿಯಲು ಒಣ ಬೇಸಿಗೆ ಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಚಳಿಯೆಂಬುದೇ ಹೆಸರಿಗಷ್ಟೇ ಇರುವ ಮಂಗಳೂರಿನ ಸೀಮೆಯಲ್ಲಿ ಎರಡೂ ಇಲ್ಲ. ಅದೇ ಕುಲಕ್ಕೆ ಸೇರಿದ ಓಲಿಯ ಡಯೋಯಿಕಾ ಎಂಬ ಕಾಡುಮರ ಪಶ್ಚಿಮಘಟ್ಟದಲ್ಲಿ ಧಾರಾಳವಾಗಿದ್ದರೂ ಅದು ಎಣ್ಣೆಮರವೆಂದು ಹೆಸರು ಪಡೆಯಲಿಲ್ಲ. ಆಲಿವ್ ಎಣ್ಣೆ ಮಾತ್ರ ಕ್ರಿಸ್ತಶಕದ ಆರಂಭದಲ್ಲೇ ರೋಮನ್ ಹಡಗುಗಳಲ್ಲಿ ದಕ್ಷಿಣ ಭಾರತಕ್ಕೆ ಬಂದಿತ್ತು; ಅದನ್ನು ತುಂಬಿ ತರುತ್ತಿದ್ದ ಮಣ್ಣಿನ ಜಾಡಿಗಳ ಚೂರುಗಳು ಪುದುಚೇರಿಯ ಬಳಿಯ ಅರಿಕಮೇಡಿನ ಉತ್ಖನನದಲ್ಲಿ ದೊರೆತಿವೆ. ಆದರೆ ಅದು ಬಂದದ್ದು ಪರದೇಶದ ವರ್ತಕರ ಊಟಕ್ಕಾಗಿ ಎಂದು ತಿಳಿಯುವುದೇ ಸರಿ, ಏಕೆಂದರೆ ಅದೇ ಕಾಲದ ಗ್ರೀಕ್ ನಾವಿಕರ ಕೈಪಿಡಿಯಾದ ‘ಪೆರಿಪ್ಲಸ್’ ಭಾರತವನ್ನು ಎಳ್ಳೆಣ್ಣೆ ಹೊರಕ್ಕೆ ಕಳಿಸುವ ದೇಶವೆಂದು ಹೇಳುತ್ತದೆ.

ತೆಂಗು ಎರಡು ಕಡೆ, ಪೆಸಿಫಿಕ್ ದ್ವೀಪಗಳ ಸೀಮೆಯಲ್ಲಿ ಮತ್ತು ಹಿಂದೂ ಮಹಾಸಾಗರದ ಅಂಚಿನಲ್ಲಿ, ಬೇರೆಬೇರೆಯಾಗಿ ಕೃಷಿಗೆ ಒಳಪಟ್ಟಿತೆಂದು 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ತೋರಿಸಿತು. ಭಾರತದ ಪಶ್ಚಿಮ ಕರಾವಳಿ ಎರಡನೆಯ ವಲಯಕ್ಕೆ ಸೇರುತ್ತದೆ. ಈ ಕರಾವಳಿಯ ತೆಂಗಿನ ಬಗ್ಗೆ ದೊರೆಯುವ ಹಳೆಯ ಶಾಸನಾಧಾರ ನಾಸಿಕದ ಗುಹೆಯಲ್ಲಿದೆ: ಕ್ಷತ್ರಪ ದೊರೆ ನಹಪಾನನ ಅಳಿಯ ಉಷವದಾತನು ನಾನಂಗೋಲವೆಂಬ ಹಳ್ಳಿಯಲ್ಲಿ 32,000 ತೆಂಗಿನ ಬುಡಗಳನ್ನು ದಾನಮಾಡಿದನೆಂದು ಅದು ಹೇಳುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಮಂಗಳೂರನ್ನೂ ಕಂಡಿದ್ದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ, ಅರಬ್ ಕರಾವಳಿಯ ತೆಂಗನ್ನು ಕುರಿತು ಬರೆಯುವಾಗ ಅದರ ಎಣ್ಣೆಯನ್ನು ಜನ ದೀಪಕ್ಕೆ ಸುರಿಯುತ್ತಾರೆ, ರೊಟ್ಟಿಗೆ ಅದ್ದಿಕೊಳ್ಳುತ್ತಾರೆ, ಹೆಂಗಸರು ತಲೆಗೆ ಹಚ್ಚಿಕೊಳ್ಳುತ್ತಾರೆ ಎಂದಿದ್ದಾನೆ. ಈ ಮಾತನ್ನು ತುಳುನಾಡಿಗೂ ಹಾಗೆಯೇ ಅನ್ವಯಿಸಬಹುದು. 1678ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದ ‘ಹೊರ್ಟುಸ್ ಮಲಬಾರಿಕುಸ್’ ಎಂಬ ಮಲಬಾರಿನ ಸಸ್ಯಗಳ ಗ್ರಂಥದ ಮೊದಲ ಸಂಪುಟ ತೆಂಗಿನಿಂದಲೇ ಆರಂಭವಾಗುತ್ತದೆ. ಅದಕ್ಕೆ ನೆರವಾದ ರಂಗ ಭಟ್ಟ, ವಿನಾಯಕ ಪಂಡಿತ ಮತ್ತು ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರ ಹೇಳಿಕೆಯೂ ಆ ಸಂಪುಟದಲ್ಲಿ ಸೇರಿದೆ.

ಎಣ್ಣೆಗೆ ಹನ್ನೊಂದು ಹನ್ನೆರಡು ತಿಂಗಳು ಬಲಿತ ಕಾಯಿಯೇ ಆಗಬೇಕು. ಸಿಪ್ಪೆ ಸುಲಿದು, ಎರಡು ಹೋಳು ಮಾಡಿ, ಬಿಸಿಲಿನಲ್ಲಿ ಕವುಚದೆ ಹರಡಿದರೆ ಒಂದೆರಡು ದಿನಗಳಲ್ಲಿ ತಿರುಳು ಗೆರಟೆಯಿಂದ ಬಿಟ್ಟುಕೊಳ್ಳುತ್ತದೆ. ಮತ್ತೆ ಒಣಗಿಸಿ, ನೂರಕ್ಕೆ ಐವತ್ತರಷ್ಟಿದ್ದ ನೀರಿನಂಶ ಆರಕ್ಕೆ ಇಳಿದಾಗ ಅದು ಎಣ್ಣೆಕೊಬ್ಬರಿಯಾಗುತ್ತದೆ. ಚೆನ್ನಾಗಿ ಒಣಗಿದ ಕೊಬ್ಬರಿಯ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಎಣ್ಣೆಯೇ ಇರುತ್ತದೆ. ಹಸಿ ಉಳಿದರೆ ಬೂಸ್ಟು ಹಿಡಿದು ಎಣ್ಣೆ ಕಮಟಾಗುವುದರಿಂದ ಮಳೆಗಾಲದಲ್ಲಿ ಹೊಗೆ ಅಟ್ಟದ ಆಸರೆ ಬೇಕಾಗುತ್ತಿತ್ತು. ಈ ಎಣ್ಣೆಕೊಬ್ಬರಿಯನ್ನು ಘಟ್ಟದ ಮೇಲಿನ ತಿಪಟೂರಿನ ಉಂಡೆಕೊಬ್ಬರಿಯೊಂದಿಗೆ ಬೆರೆಸಿ ನೋಡಬಾರದು. ಅಲ್ಲಿ ಕಾಯಿಯನ್ನು ಒಡೆಯದೆ ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು ಒಳನೀರು ತಾನಾಗಿ ಇಂಗುವವರೆಗೆ ಕಾಯುತ್ತಾರೆ, ಆ ಕೊಬ್ಬರಿ ಹೋಗುವುದು ಗಾಣಕ್ಕಲ್ಲ, ತಿನ್ನುವುದಕ್ಕೆ. ಕರಾವಳಿಯ ಮನೆಗಳಲ್ಲಿ ಗಾಣವಿಲ್ಲದ ಇನ್ನೊಂದು ದಾರಿಯೂ ಇತ್ತು. ಹಸಿ ಕಾಯಿ ತುರಿದು ಹಿಂಡಿದ ಹಾಲನ್ನು ಉರುಳಿಯಲ್ಲಿ ಗಸಿ ಕೆಂಪಾಗುವವರೆಗೆ ಕಾಯಿಸಿ ಸೋಸಿದ ಈ ಎಣ್ಣೆ ಕೂಸುಗಳ ಮೈಗೆ ಹಚ್ಚಲು ಮೀಸಲು. ಈಗ ‘ವರ್ಜಿನ್’ ಎಂಬ ಹೆಸರಿನಲ್ಲಿ ಮಾರಾಟವಾಗುವುದು, ಯಂತ್ರಗಳನ್ನು ಬಿಟ್ಟರೆ, ಇದರ ಹತ್ತಿರದ ಬಳಗವೇ.

ಗಾಣವೆಂದರೆ ಒರಳು ಮತ್ತು ಅದರೊಳಗೆ ಓರೆಯಾಗಿ ತಿರುಗುವ ಒನಕೆ; ನೊಗಕ್ಕೆ ಕಟ್ಟಿದ ಎತ್ತು ಸುತ್ತಿದಂತೆ ಕೊಬ್ಬರಿ ಅರೆದು ಎಣ್ಣೆ ಇಳಿಯುತ್ತದೆ, ಉಳಿದ ಹಿಂಡಿ ಹಟ್ಟಿಯ ದನಗಳಿಗೆ ಸೇರುತ್ತದೆ. ಕನ್ನಡ ಶಾಸನಗಳಲ್ಲಿ ತೆಲ್ಲಿಗರು ಎಂದು ಬರುವ ಎಣ್ಣೆ ಕಸುಬಿನವರು ಸಂಘ ಕಟ್ಟಿಕೊಂಡು ದೇವಾಲಯಗಳ ನಂದಾದೀವಿಗೆಗೆ, ಅಂದರೆ ಹಗಲಿರುಳು ಆರದ ದೀಪಕ್ಕೆ, ಗಾಣಕ್ಕಿಷ್ಟೆಂದು ಎಣ್ಣೆ ಬಿಟ್ಟುಕೊಡುತ್ತಿದ್ದರು. ಅರಸರು ಗಾಣದೆರೆ ಎಂಬ ತೆರಿಗೆಯನ್ನೂ ಎತ್ತುತ್ತಿದ್ದರು. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಗಾಣದ ಕಣ್ಣಪ್ಪ ಈ ಕಸುಬಿನವನು. ಕರಾವಳಿಯಲ್ಲಿ ತುಳು ಮಾತಾಡುವ ಗಾಣಿಗರಿಗೆ ಸಪಲಿಗರೆಂಬ ಹೆಸರಿದೆ. ಕನ್ನಡ ಮಾತಾಡುವ ಸೋಮಕ್ಷತ್ರಿಯ ಗಾಣಿಗರಿಗೆ ಬಾರ್ಕೂರಿನ ವೇಣುಗೋಪಾಲಕೃಷ್ಣ ದೇವಸ್ಥಾನ ಕುಲದ ಕೇಂದ್ರ.

ದೀಪದೆಣ್ಣೆಯ ಮಟ್ಟಿಗೆ ಬಡವರ ಆಸರೆ ತೆಂಗಲ್ಲ, ಹೊನ್ನೆ. ಕಡಲ ದಂಡೆಯಲ್ಲೂ ಹೊಳೆಬದಿಯಲ್ಲೂ ಬೆಳೆಯುವ ಈ ಮರದ ಗುಂಡು ಬೀಜಗಳನ್ನು ಒಣಗಿಸಿ ಗಾಣಕ್ಕೆ ಹಾಕಿದರೆ ಹಸಿರುಗಪ್ಪು ಬಣ್ಣದ, ಕಟುವಾಸನೆಯ ಎಣ್ಣೆ ಬರುತ್ತದೆ. ತಿನ್ನಲು ಬಾರದ ಅದು ಹಣತೆಗೂ ಸಂಧಿನೋವಿಗೂ ಸಲ್ಲುತ್ತಿತ್ತು. ಘಟ್ಟದ ತಪ್ಪಲಿನ ಧೂಪದ ಮರದ ಬೀಜದಿಂದಲೂ ಮುರುಗಲು ಅಥವಾ ಪುನರ್ಪುಳಿಯ ಬೀಜದಿಂದಲೂ ಸಿಗುವುದು ಗಟ್ಟಿ ಕೊಬ್ಬು. ಮೊದಲನೆಯದು ಮೇಣದಬತ್ತಿಗೆ, ಎರಡನೆಯದು ಒಡೆದ ಹಿಮ್ಮಡಿಗೆ. ದೋಣಿಯ ಹಲಗೆಗೆ ಬಳಿಯಲು ಮೀನುಗಾರರಾದ ಮೊಗವೀರರು ಬೂತಾಯಿ ಮೀನಿನ ಎಣ್ಣೆಯನ್ನೇ ನಂಬಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸೀಮೆಎಣ್ಣೆ ಬಂದದ್ದೇ ತಡ, ಹೊನ್ನೆಎಣ್ಣೆಯ ಹಣತೆಗಳು ಮನೆಗಳಿಂದ ಮಾಯವಾದವು.

ಆಚರಣೆಯಲ್ಲಿ ಎಣ್ಣೆಯ ಸ್ಥಾನವನ್ನು ಸ್ಪಷ್ಟವಾಗಿ ಕಾಣಬಹುದಾದದ್ದು ದೈವಗಳ ಆರಾಧನೆಯಾದ ಭೂತಕೋಲದಲ್ಲಿ. ಕೋಲ ಕಟ್ಟುವ ನಲಿಕೆ, ಪರವ ಅಥವಾ ಪಂಬದ ಸಮುದಾಯದ ಕಲಾವಿದನಿಗೆ ಗುತ್ತಿನ, ಅಂದರೆ ಊರಿನ ಹಿರಿಮನೆಯ, ಯಜಮಾನರು ವೀಳ್ಯದೆಲೆ, ಅಡಕೆ ಮತ್ತು ತೆಂಗಿನೆಣ್ಣೆ ಕೊಡುವ ಕ್ರಮಕ್ಕೆ ಎಣ್ಣೆಬೂಳ್ಯವೆಂದು ಹೆಸರು. ಅದನ್ನು ಪಡೆದು, ಮೈಗೆ ಹಚ್ಚಿ ಮಿಂದು ಬಂದ ಮೇಲೆಯೇ ಆತ ಬಣ್ಣಕ್ಕೆ ಕೂರುತ್ತಾನೆ. ಮುಖಕ್ಕೆ ಬಳಿಯುವ ಹಳದಿ ಅರದಾಳವನ್ನು ಕಲಸುವುದೂ ತೆಂಗಿನೆಣ್ಣೆಯಲ್ಲೇ. ಎಣ್ಣೆ ಸ್ವೀಕರಿಸುವ ಹೊತ್ತಿಗೆ ಮನುಷ್ಯನಿಗೂ ದೈವಕ್ಕೂ ನಡುವಿನ ಗಡಿ ದಾಟುವ ಕೆಲಸ ಆರಂಭವಾಗಿರುತ್ತದೆ ಎಂಬುದು ಸಾಮಾನ್ಯ ನಂಬಿಕೆ.

ಮಂಗಳೂರಿನ ಕೆಥೊಲಿಕ್ ಕ್ರೈಸ್ತರಲ್ಲಿ ಆಲಿವ್ ಮತ್ತು ತೆಂಗು ಅಕ್ಕಪಕ್ಕದಲ್ಲೇ ನಿಂತಿವೆ. ದೀಕ್ಷಾಸ್ನಾನ ಮತ್ತು ದೃಢೀಕರಣಗಳಲ್ಲಿ ಬಳಸುವ ಪವಿತ್ರ ತೈಲ ಸಂಪ್ರದಾಯದಂತೆ ಸುಗಂಧರಾಳ ಬೆರೆಸಿದ ಆಲಿವ್ ಎಣ್ಣೆ; ಧರ್ಮಪ್ರಾಂತ್ಯದ ಬಿಷಪರು ಅದನ್ನು ಪವಿತ್ರ ವಾರದಲ್ಲಿ ಆಶೀರ್ವದಿಸುತ್ತಾರೆ. ಆಲಿವ್ ಸಿಗುವುದು ಕಷ್ಟವಾದ ನಾಡುಗಳಲ್ಲಿ ರೋಗಿಗಳ ಅಭ್ಯಂಗಕ್ಕೆ ಬೇರೆ ಸಸ್ಯದೆಣ್ಣೆಯೂ ಆಗಬಹುದೆಂದು ಪೋಪ್ ಆರನೆಯ ಪೌಲರು 1972ರಲ್ಲಿ ಅನುಮತಿ ಕೊಟ್ಟರು. ಆದರೆ ಮನೆಯೊಳಗೆ ಅಂಥ ಅನುಮತಿಗಾಗಿ ಯಾರೂ ಕಾದಿರಲಿಲ್ಲ. ಮದುವೆಯ ಮುನ್ನಾದಿನ ವಧುವಿನ ಮನೆಯಲ್ಲೂ ವರನ ಮನೆಯಲ್ಲೂ ನಡೆಯುವ ರೋಸ್ ಎಂಬ ಶಾಸ್ತ್ರದಲ್ಲಿ ಹಿರಿಯರಿಂದ ಮೊದಲಾಗಿ ಬಂಧುಗಳೆಲ್ಲ ಸರದಿಯಂತೆ ಬಂದು ಹಣೆಗೆ ಎಣ್ಣೆಯಿಂದ ಶಿಲುಬೆಯ ಗುರುತಿಟ್ಟು, ತಲೆಗೂ ಕೈಗೂ ತೆಂಗಿನೆಣ್ಣೆ ಸವರಿ, ಕಾಯಿಹಾಲು ಹಚ್ಚುತ್ತಾರೆ. ಹಿಂದೂ ಮನೆಗಳ ಎಣ್ಣೆಶಾಸ್ತ್ರದೊಂದಿಗೆ ಇದರ ನಂಟು ಎದ್ದು ಕಾಣುವಂಥದು.

ತೆಂಗಿನ ವೈಜ್ಞಾನಿಕ ಅಧ್ಯಯನವೂ ಈ ನಾಡಿನಲ್ಲೇ ಬೇರೂರಿತು. ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡಿನಲ್ಲಿ ಮದ್ರಾಸ್ ಸರ್ಕಾರ 1916ರಲ್ಲಿ ತೆರೆದ ಸಂಶೋಧನ ಕೇಂದ್ರ 1970ರಲ್ಲಿ ಕೇಂದ್ರೀಯ ತೋಟಬೆಳೆಗಳ ಸಂಶೋಧನ ಸಂಸ್ಥೆಯಾಯಿತು. ಉದ್ದ ಮತ್ತು ಗಿಡ್ಡ ತಳಿಗಳನ್ನು ಬೆರೆಸಿದ ಮೊದಲ ಸಂಕರ ತೆಂಗನ್ನು ಜೆ.ಎಸ್. ಪಟೇಲ್ ಅವರು 1932ರಲ್ಲಿ ಅಲ್ಲಿಗೆ ಹತ್ತಿರದ ನೀಲೇಶ್ವರದಲ್ಲಿ ಪಡೆದರು.

ಮಂಗಳೂರು ನಗರದ ಉತ್ತರಕ್ಕೆ, ಫಲ್ಗುಣಿ ಅಥವಾ ಗುರುಪುರ ನದಿಯ ತೆಂಕಣ ಬದಿಯಲ್ಲಿರುವ ಕಾವೂರು ಈ ಇತಿಹಾಸದ ಇತ್ತೀಚಿನ ಘಟ್ಟವನ್ನು ತೋರಿಸುವ ಊರು. ಮುರಕಲ್ಲಿನ ಗುಡ್ಡ, ತಗ್ಗಿನ ಬೈಲು, ಬೈಲಿನಂಚಿಗೆ ತೆಂಗು ಎಂಬ ಹಳೆಯ ತುಳುನಾಡಿನ ವಿನ್ಯಾಸವನ್ನು ವಿಮಾನ ನಿಲ್ದಾಣದ ರಸ್ತೆಯ ಇಕ್ಕೆಲಗಳಲ್ಲಿ ಎದ್ದ ವಸತಿ ಸಮುಚ್ಚಯಗಳು ಬಹುಮಟ್ಟಿಗೆ ಮುಚ್ಚಿವೆ. ಇಲ್ಲಿನ ಮಹಾಲಿಂಗೇಶ್ವರ ದೇವಸ್ಥಾನದಂಥ ಕಡೆಗಳಲ್ಲಿ ದೀಪ ಮಾತ್ರ ಇಂದಿಗೂ ಎಣ್ಣೆಯನ್ನೇ ಬೇಡುತ್ತದೆ. ನದಿಯಾಚೆ ಪಣಂಬೂರಿನಲ್ಲಿ, 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾದ ನವಮಂಗಳೂರು ಬಂದರಿಗೆ ಕಚ್ಚಾ ತಾಳೆಎಣ್ಣೆಯ ಹಡಗುಗಳು ಬರುತ್ತವೆ. ತೆಂಗು ಬೆಳೆಯುವ ನಾಡಿನ ಒಗ್ಗರಣೆಗೆ ತೆಂಗಿಗಿಂತ ಅಗ್ಗದ ಪರದೇಶಿ ಎಣ್ಣೆ ಬಂದುದಕ್ಕೆ ಬೆಲೆಯಷ್ಟೇ ಕಾರಣವಲ್ಲ. ತೆಂಗಿನೆಣ್ಣೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ಪರ್ಯಾಪ್ತ ಕೊಬ್ಬಿದೆ. ಉಷ್ಣತೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೆ, ಮಾಗಿಯ ಮುಂಜಾನೆ ಬಾಟಲಿಯಲ್ಲೇ ಅದು ಹೆಪ್ಪುಗಟ್ಟುವುದೂ ಇದರಿಂದಲೇ. ಈ ಕೊಬ್ಬು ಹೃದಯಕ್ಕೆ ಒಳ್ಳೆಯದಲ್ಲವೆಂಬ ವೈದ್ಯಕೀಯ ಎಚ್ಚರಿಕೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಬ್ಬಿತು. ಆಲಿವ್ ಎಣ್ಣೆ ನಗರದ ಅಂಗಡಿಗಳಿಗೆ ಆರೋಗ್ಯದ ಸರಕಾಗಿ ಬಂದದ್ದು ಈ ತೆರವಿನಲ್ಲಿಯೇ.

ತೆಂಗಿನೆಣ್ಣೆ ಆಹಾರವೋ ಕೇಶತೈಲವೋ ಎಂಬ ಪ್ರಶ್ನೆ ಅಬಕಾರಿ ಸುಂಕದ ವ್ಯಾಜ್ಯವಾಗಿ ಸುಪ್ರೀಂ ಕೋರ್ಟನ್ನೂ ಮುಟ್ಟಿತು. 2018ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಭಿನ್ನಮತದ ತೀರ್ಪಿತ್ತಿತು. 2024ರ ಡಿಸೆಂಬರಿನಲ್ಲಿ ತ್ರಿಸದಸ್ಯ ಪೀಠವು, ಚಿಕ್ಕ ಪೊಟ್ಟಣದಲ್ಲಿದೆ ಎಂಬ ಒಂದೇ ಕಾರಣಕ್ಕೆ ಶುದ್ಧ ತೆಂಗಿನೆಣ್ಣೆಯನ್ನು ತಲೆಗೆ ಹಚ್ಚುವ ಎಣ್ಣೆಯೆಂದು ಎಣಿಸಲಾಗದು, ತಯಾರಕರೇ ಹಾಗೆಂದು ನಮೂದಿಸದ ಹೊರತು ಅದು ಖಾದ್ಯತೈಲವೇ ಎಂದು ತೀರ್ಮಾನಿಸಿತು.