ಕಾರ್ಖಾನೆಯ ಬ್ಯಾಟರಿ ಇಳಿಸುವುದು ಯಾರ ಗರಿಷ್ಠ ಬೇಡಿಕೆಯನ್ನು?

ಹೈಟೆನ್ಷನ್ ಸಂಪರ್ಕವಿರುವ ಕಾರ್ಖಾನೆಯ ವಿದ್ಯುತ್ ಬಿಲ್ಲಿನಲ್ಲಿ ಎರಡು ಲೆಕ್ಕಗಳಿರುತ್ತವೆ. ಒಂದು ತಿಂಗಳಿಡೀ ಬಳಸಿದ ಯೂನಿಟ್‌ಗಳದ್ದು. ಇನ್ನೊಂದು, ಆ ತಿಂಗಳ ಯಾವುದೋ ಹದಿನೈದು ಅಥವಾ ಮೂವತ್ತು ನಿಮಿಷದಲ್ಲಿ ಮುಟ್ಟಿದ ಗರಿಷ್ಠ ಬೇಡಿಕೆಯದ್ದು, ಅಂದರೆ ಡಿಮಾಂಡ್ ಚಾರ್ಜ್. ಎರಡನೆಯದಕ್ಕೆ ತಾರ್ಕಿಕ ತಳಹದಿ ಹಾಕಿದವರು ಇಂಗ್ಲೆಂಡಿನ ಜಾನ್ ಹಾಪ್‌ಕಿನ್ಸನ್. ಕೇಳಿದಾಗ ಕೊಡಲು ಸದಾ ಸಿದ್ಧವಾಗಿರುವುದಕ್ಕೇ ವಿದ್ಯುತ್ ಕೇಂದ್ರದ ಖರ್ಚಿನ ದೊಡ್ಡ ಪಾಲು ಹೋಗುತ್ತದೆ ಎಂದು 1892ರಲ್ಲಿ ಅವರು ವಾದಿಸಿದರು. ಬ್ರೈಟನ್ನಿನ ಆರ್ಥರ್ ರೈಟ್ ಆ ಬೇಡಿಕೆಯನ್ನು ಅಳೆಯುವ ಮಾಪಕ ರೂಪಿಸಿದರು. ಉದ್ಯಮಗಳಲ್ಲಿ ಬ್ಯಾಟರಿ ಬೆಳೆದ ಕಥೆಯನ್ನು ಸಾಮಾನ್ಯವಾಗಿ ಸೀಸದಿಂದ ಲಿಥಿಯಂವರೆಗಿನ ರಸಾಯನಶಾಸ್ತ್ರದ ಕಥೆಯಾಗಿ ಹೇಳುತ್ತಾರೆ. ಪುರಾವೆಗಳನ್ನು ನೋಡಿದರೆ, ಬ್ಯಾಟರಿ ಎಲ್ಲಿಗೆ ಹೋಗಬೇಕು, ಯಾವಾಗ ದುಡಿಯಬೇಕು ಎಂದು ನಿರ್ಧರಿಸಿದ್ದು ದರಪಟ್ಟಿ.

ಮೊದಲ ದೊಡ್ಡ ಪ್ರಯೋಗಗಳನ್ನು ಮಾಡಿದ್ದು ವಿದ್ಯುತ್ ಕಂಪನಿಗಳೇ. ಸುತ್ತಲಿನ ಜಾಲದಿಂದ ಬೇರ್ಪಟ್ಟಿದ್ದ ಪಶ್ಚಿಮ ಬರ್ಲಿನ್‌ನಲ್ಲಿ 1986ರಲ್ಲಿ, ಕ್ಯಾಲಿಫೋರ್ನಿಯಾದ ಚೀನೊದಲ್ಲಿ 1988ರಲ್ಲಿ ಸೀಸ-ಆಮ್ಲ ಬ್ಯಾಟರಿಗಳ ಕೇಂದ್ರಗಳು ಶುರುವಾದವು. ಚೀನೊದ್ದು 10 ಮೆಗಾವಾಟನ್ನು ನಾಲ್ಕು ಗಂಟೆ ಕೊಡಬಲ್ಲದಾಗಿತ್ತು. 1990ರ ದಶಕದ ಮಧ್ಯದಲ್ಲಿ ಲಾಸ್ ಏಂಜಲಿಸ್ ಬಳಿಯ ವರ್ನನ್‌ನಲ್ಲಿ, ಹಳೆಯ ಬ್ಯಾಟರಿಗಳ ಸೀಸವನ್ನು ಕರಗಿಸುವ ಕಾರ್ಖಾನೆಯೇ ತನ್ನ ಗರಿಷ್ಠ ಬೇಡಿಕೆ ಇಳಿಸಲು ಬ್ಯಾಟರಿ ಹೂಡಿತು. ಜಪಾನಿನಲ್ಲಿ ರಾತ್ರಿಯ ವಿದ್ಯುತ್ ಹಗಲಿಗಿಂತ ಬಹಳ ಅಗ್ಗವಾಗಿದ್ದರಿಂದ, ಎನ್‌ಜಿಕೆ ಎಂಬ ಕಂಪನಿ ಮತ್ತು ಟೋಕಿಯೊ ವಿದ್ಯುತ್ ಕಂಪನಿ ಸೇರಿ ಬೆಳೆಸಿದ ಸೋಡಿಯಂ-ಗಂಧಕ ಬ್ಯಾಟರಿ ಕಾರ್ಖಾನೆಗಳೊಳಕ್ಕೆ ಬಂತು. 2011ರಲ್ಲಿ ಅಲ್ಲಿನ ಕಾರ್ಖಾನೆಯೊಂದರಲ್ಲಿ ಅದಕ್ಕೆ ಬೆಂಕಿ ಬಿದ್ದದ್ದು ಸುರಕ್ಷತೆಯ ಪ್ರಶ್ನೆ ಎಷ್ಟು ಗಂಭೀರವೆಂಬುದನ್ನು ತೋರಿಸಿತು. ಆಮೇಲಿನದು ಲಿಥಿಯಂ ಕಾಲ. ಬ್ಲೂಮ್‌ಬರ್ಗ್ ಎನ್‌ಇಎಫ್ ಸಮೀಕ್ಷೆಯ ಪ್ರಕಾರ 2024ರಲ್ಲಿ ಬ್ಯಾಟರಿ ಪ್ಯಾಕಿನ ಸರಾಸರಿ ಬೆಲೆ ಕಿಲೋವಾಟ್-ಗಂಟೆಗೆ 115 ಡಾಲರ್; 2010ರಲ್ಲಿ ಅದು ಸಾವಿರ ಡಾಲರಿಗೂ ಮೇಲಿತ್ತು. ಹಾಗಾದರೆ ಎಲ್ಲವೂ ಬೆಲೆಯ ಮಹಿಮೆಯೇ ಅಲ್ಲವೇ ಎಂದು ಕೇಳಬಹುದು. ಅಗ್ಗವಾದ ಬ್ಯಾಟರಿ ಜಗತ್ತಿಗೆಲ್ಲ ಅಗ್ಗವೇ. ಆದರೂ ಅದು ಮೊದಲು ಕಾರ್ಖಾನೆ ಸೇರಿದ್ದು ಡಿಮಾಂಡ್ ಚಾರ್ಜ್ ಹೆಚ್ಚಿರುವ ಕ್ಯಾಲಿಫೋರ್ನಿಯಾದಂಥ ಕಡೆ, ಹಾಗೂ 2021ರ ಸರ್ಕಾರಿ ಸೂಚನೆಯ ನಂತರ ಹೊತ್ತಿಗೊಂದು ದರದ ಅಂತರ ಹಿಗ್ಗಿದ ಚೀನಾದಲ್ಲಿ.

ಎಲ್ಲ ಕಾರ್ಖಾನೆಗೂ ಇದು ಒಗ್ಗುವುದಿಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಗರಿಷ್ಠ ಬೇಡಿಕೆಯನ್ನು 300 ಕಿಲೋವಾಟ್ ಇಳಿಸಬೇಕು ಎಂದಿಟ್ಟುಕೊಳ್ಳಿ. ಏರಿಕೆ ಹದಿನೈದೇ ನಿಮಿಷದ್ದಾದರೆ 75 ಕಿಲೋವಾಟ್-ಗಂಟೆ ಸಾಕು. ಮೂರು ಗಂಟೆ ಅದೇ ಮಟ್ಟದಲ್ಲಿ ನಿಂತರೆ 900 ಬೇಕು. ಬಿಲ್ಲಿನಲ್ಲಿ ಉಳಿತಾಯವಾಗುವ ಡಿಮಾಂಡ್ ಚಾರ್ಜ್ ಎರಡರಲ್ಲೂ ಒಂದೇ, ಬ್ಯಾಟರಿ ಮಾತ್ರ ಹನ್ನೆರಡು ಪಟ್ಟು ದೊಡ್ಡದು. ಹಾಗಾಗಿ ಶಿಫ್ಟ್ ಆರಂಭದಲ್ಲಿ ಮೋಟಾರುಗಳೆಲ್ಲ ಒಟ್ಟಿಗೆ ಚಾಲೂ ಆಗುವ ಕಡೆ ಇದು ಸಲ್ಲುತ್ತದೆ, ದಿನವಿಡೀ ಒಂದೇ ಸಮನೆ ಓಡುವ ಗಿರಣಿಗೆ ಸಲ್ಲದು. ಮೋಟಾರುಗಳನ್ನು ಒಂದರ ಹಿಂದೊಂದು ಚಾಲೂ ಮಾಡಿದರೇ ಸಮಸ್ಯೆ ನೀಗುವುದಾದರೆ ಬ್ಯಾಟರಿಯ ಮಾತೇ ಬೇಡ. ತಿಂಗಳಲ್ಲಿ ಒಂದೇ ಒಂದು ಏರಿಕೆ ಕೈತಪ್ಪಿದರೂ ಆ ತಿಂಗಳ ಉಳಿತಾಯ ಮಣ್ಣುಪಾಲಾಗುತ್ತದೆ. ಆದ್ದರಿಂದ ಲೋಡನ್ನು ಮುನ್ನಂದಾಜು ಮಾಡುವ ತಂತ್ರಾಂಶಕ್ಕೆ ಇಲ್ಲಿ ಬ್ಯಾಟರಿಯಷ್ಟೇ ತೂಕವಿದೆ.

ಇದಕ್ಕಿಂತ ಆಳವಾದ ಆಕ್ಷೇಪ ಇನ್ನೊಂದಿದೆ. ಕಾರ್ಖಾನೆಯ ಗರಿಷ್ಠ ಬೇಡಿಕೆ ಬೆಳಗಿನ ಹನ್ನೊಂದಕ್ಕೆ, ಜಾಲದ ನಿಜವಾದ ಇಕ್ಕಟ್ಟು ಸಂಜೆ ಏಳಕ್ಕೆ ಎಂದಾದರೆ, ಬ್ಯಾಟರಿಯಿಂದ ಮಾಲೀಕನ ಬಿಲ್ಲು ಇಳಿಯುತ್ತದೆ, ನಾಡಿಗೆ ದಕ್ಕುವುದು ಅಲ್ಪ. ಸಾಲದ್ದಕ್ಕೆ ತುಂಬಿ ತೆಗೆಯುವಾಗ ಒಂದಿಷ್ಟು ವಿದ್ಯುತ್ ನಷ್ಟ. ಕೆನಡಾದ ಒಂಟಾರಿಯೊ 2011ರಿಂದ ಬೇರೆ ದಾರಿ ಹಿಡಿಯಿತು: ವರ್ಷದಲ್ಲಿ ಪ್ರಾಂತ್ಯದ ಬೇಡಿಕೆ ಅತ್ಯುಚ್ಚಕ್ಕೇರಿದ ಐದು ಗಂಟೆಗಳಲ್ಲಿ ದೊಡ್ಡ ಗ್ರಾಹಕ ಎಷ್ಟು ಬಳಸಿದ ಎಂಬುದರ ಮೇಲೆ ಅವನ ಶುಲ್ಕದ ಪಾಲು. ಕಾರ್ಖಾನೆಗಳ ಬ್ಯಾಟರಿಗಳು ಆ ಗಂಟೆಗಳಿಗಾಗಿ ಕಾದು ನಿಂತವು. ಆದರೆ ವಿದ್ಯುತ್ ಉತ್ಪಾದಕರೊಂದಿಗಿನ ಹಳೆಯ ಒಪ್ಪಂದಗಳ ಖರ್ಚನ್ನೂ ಅದೇ ಶುಲ್ಕದಲ್ಲಿ ಸೇರಿಸಿದ್ದರಿಂದ ಹೊರೆ ಸಣ್ಣ ಗ್ರಾಹಕರ ಮೇಲೆ ಸರಿಯಿತು ಎಂಬ ಟೀಕೆ ಬಂತು. ಅದು ನ್ಯಾಯವಾದ ಟೀಕೆ. ಸಮಯವನ್ನು ಅಳೆದದ್ದು ಸರಿ. ಆಗಲೇ ಆಗಿಹೋದ ಖರ್ಚಿನಿಂದ ತಪ್ಪಿಸಿಕೊಳ್ಳಲು ಬಿಟ್ಟದ್ದು ತಪ್ಪು.

ಭಾರತದಲ್ಲಿ 2023ರ ನಿಯಮ ತಿದ್ದುಪಡಿ, 10 ಕಿಲೋವಾಟ್ ಮೀರಿದ ವಾಣಿಜ್ಯ, ಕೈಗಾರಿಕಾ ಗ್ರಾಹಕರಿಗೆ 2024ರ ಏಪ್ರಿಲ್‌ನಿಂದ ಹೊತ್ತಿಗೊಂದು ದರವಿರಬೇಕೆಂದಿತು: ಗರಿಷ್ಠ ಬೇಡಿಕೆಯ ಹೊತ್ತಿನಲ್ಲಿ ಸಾಮಾನ್ಯ ದರದ ಕನಿಷ್ಠ 1.2 ಪಟ್ಟು, ಬಿಸಿಲಿನ ಹೊತ್ತಿನಲ್ಲಿ ಕನಿಷ್ಠ ಶೇ. 20 ಕಡಿಮೆ. ಪಾವಗಡದಂಥ ಸೌರ ಪಾರ್ಕ್ ಇರುವ ಕರ್ನಾಟಕಕ್ಕೆ ಈ ದಿಕ್ಕು ಹೊಂದುತ್ತದೆ. ಆದರೆ ಯೂನಿಟ್ ದರಕ್ಕೆ ಗಡಿಯಾರ ಕಟ್ಟಿದ ಮೇಲೆ ಡಿಮಾಂಡ್ ಚಾರ್ಜನ್ನು ಹಾಗೇ ಬಿಡುವುದು ಅರ್ಧ ಕೆಲಸ. ವಿದ್ಯುತ್ ನಿಯಂತ್ರಣ ಆಯೋಗಗಳು ಸಂಜೆಯ ಇಕ್ಕಟ್ಟಿನ ಹೊತ್ತಿನ ಬೇಡಿಕೆಯ ಪ್ರತಿ ಕೆವಿಎಗೆ ಹೆಚ್ಚು, ನಡುಹಗಲಿನ ಕೆವಿಎಗೆ ಕಡಿಮೆ ಶುಲ್ಕ ಗೊತ್ತುಮಾಡಲಿ. ಕಾರ್ಖಾನೆಗಳ ಮಾಲೀಕರು ಅಂಥ ದರವನ್ನು ಆಯೋಗದ ಮುಂದೆ ತಾವಾಗಿಯೇ ಕೇಳಲಿ.