ಬಾಯಿಂದ ಬಾಯಿಗೆ ಬಂದ ಬದುಕು
(ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಮೌಖಿಕ ಪರಂಪರೆಯ ರಕ್ಷಣೆಯನ್ನು ಕುರಿತು)

ತಪಸ್ಸುಕಾಲದಲ್ಲಿ ದುಂದುಗಾರ ಮಗನ ಸಾಮತಿಯನ್ನು ಕೇಳದ ಕಥೋಲಿಕರು ನಮ್ಮಲ್ಲಿ ಇರಲಾರರು. ಲೂಕನ ಶುಭಸಂದೇಶದ ಈ ಸಾಮತಿಗೂ ಭಾರತದ ಭಾಷೆಗಳ ಚರಿತ್ರೆಗೂ ಒಂದು ನಂಟುಂಟೆಂಬುದು ಮಾತ್ರ ಹಲವರಿಗೆ ತಿಳಿಯದ ಸಂಗತಿ. ಜಾರ್ಜ್ ಗ್ರಿಯರ್ಸನ್ ಎಂಬ ವಿದ್ವಾಂಸರು 1894ರಲ್ಲಿ ಕೈಗೊಂಡ ಭಾರತೀಯ ಭಾಷಾ ಸಮೀಕ್ಷೆಯಲ್ಲಿ ಒಂದೊಂದು ಭಾಷೆಯ ಮಾದರಿಯಾಗಿ ಈ ಕಥೆಯನ್ನೇ ಆಯಾ ಸೀಮೆಯ ನುಡಿಯಲ್ಲಿ ಹೇಳಿಸಿ ಬರೆಸಿಕೊಂಡರು. ಮುಂದೆ 1913ರಿಂದ 1929ರ ವರೆಗೆ ಜನರ ಕಂಠವನ್ನೇ ಗ್ರಾಮಫೋನ್ ತಟ್ಟೆಗಳಲ್ಲಿ ಹಿಡಿದಿಟ್ಟಾಗಲೂ ಅನೇಕ ತಟ್ಟೆಗಳಲ್ಲಿ ಮೊಳಗಿದ್ದು ಇದೇ ಸಾಮತಿ. ಆ ತಟ್ಟೆಗಳ ಧ್ವನಿ ಈಗ ಡಿಜಿಟಲ್ ರೂಪ ತಾಳಿದೆ. ಚಿಕಾಗೋ ವಿಶ್ವವಿದ್ಯಾಲಯದ ಅಂತರ್ಜಾಲ ತಾಣದ ಮೂಲಕ ಅದನ್ನು ಯಾರು ಬೇಕಾದರೂ ಕೇಳಬಹುದಾಗಿದೆ.

ಕೇಳುವ ಕುತೂಹಲದಿಂದ ಹೊರಟ ನಮಗೆ ಒಂದು ನಿರಾಶೆ ಕಾದಿತ್ತು. ಹೈದರಾಬಾದ್ ಮತ್ತು ಮೈಸೂರು ಸಂಸ್ಥಾನಗಳೂ ಮದರಾಸು ಪ್ರಾಂತವೂ ಆ ಸಮೀಕ್ಷೆಯ ಎಲ್ಲೆಯಿಂದ ಹೊರಗುಳಿದಿದ್ದವು. 1906ರ ನಾಲ್ಕನೆಯ ಸಂಪುಟದಲ್ಲಿ ಅಚ್ಚಾದ ಕನ್ನಡದ ಮಾದರಿಗಳು ಹೆಚ್ಚಾಗಿ ಮುಂಬಯಿ ಪ್ರಾಂತದವು. ಸುರಪುರವು 1860ರಲ್ಲಿಯೇ ನಿಜಾಮರ ಕೈಸೇರಿತ್ತು. ಹೀಗಾಗಿ ನಮ್ಮ ಮೂರು ತಾಲೂಕುಗಳ ಹಿರಿಯರ ನುಡಿ ಆ ದೊಡ್ಡ ಪುಸ್ತಕದ ಕಿವಿಗೆ ಬೀಳಲಿಲ್ಲ.

ಪಡುವಣದ ನೆರೆಹೊರೆಯವರ ಭಾಗ್ಯ ಬೇರೆ. ಹಲಗಲಿಯ ಬೇಡರು 1857ರಲ್ಲಿ ಹೋರಾಡಿದ ಲಾವಣಿಯನ್ನು ಜೆ. ಎಫ್. ಫ್ಲೀಟರು 1880ರ ದಶಕದಲ್ಲಿಯೇ ಸಂಗ್ರಹಿಸಿ ಪ್ರಕಟಿಸಿದರು. ವಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಹಾಡುಗಳನ್ನು ಕಲೆಹಾಕಿ 1931ರಲ್ಲಿ ‘ಗರತಿಯ ಹಾಡು’ ಎಂದು ಹೊರತಂದರು. ಸುರಪುರದ ರಾಜಾ ವೆಂಕಟಪ್ಪ ನಾಯಕರು 1858ರಲ್ಲಿ ಎದ್ದುನಿಂತ ಕಥೆಯನ್ನಾದರೋ ಹೊರಜಗತ್ತು ಬಹುಮಟ್ಟಿಗೆ ತಿಳಿದದ್ದು ಮೆಡೋಸ್ ಟೇಲರರ ಆತ್ಮಕಥೆಯಿಂದ. ಅದು ಅಚ್ಚಾದದ್ದು 1877ರಲ್ಲಿ. ಬಾಲಕ ರಾಜರು ಟೇಲರರನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದರು. ಅವರ ಬರವಣಿಗೆಯಲ್ಲಿ ಮಮತೆಯಿದೆ, ಅಲ್ಲಗಳೆಯಲಾರೆವು. ಆದರೂ ಅದು ಆಳಿದವರ ಕಡೆಯ ಒಬ್ಬ ಅಧಿಕಾರಿಯ ಲೇಖನಿ. ಬೇಡರ ವಾಡೆಗಳಲ್ಲಿ, ಮುದುಕಿಯರ ಜಗಲಿಗಳಲ್ಲಿ ಆ ಕಥೆಯನ್ನು ಹೇಗೆ ಹೇಳುತ್ತಿದ್ದರೆಂದು ಅಂದೇ ಬರೆದುಕೊಂಡವರಿದ್ದರೆ ಎಷ್ಟು ಚೆನ್ನಾಗಿತ್ತು!

ಮೌಖಿಕ ಸಂಪತ್ತಿಗೆ ನಮ್ಮಲ್ಲಿ ಕೊರತೆಯಿಲ್ಲ. ಕೊಡೇಕಲ್ ಬಸವಣ್ಣನವರ ಕಾಲಜ್ಞಾನ, ಕೃಷ್ಣೆಯ ದಡದ ತಿಂಥಣಿಯ ಮೌನೇಶ್ವರರ ವಚನಗಳು, ಮೊಹರಂ ದಿನಗಳಲ್ಲಿ ಹಿಂದೂ ಮುಸಲ್ಮಾನರು ಕೂಡಿ ಹಾಡುವ ರಿವಾಯತ್ ಪದಗಳು, ಸೋಬಾನೆ, ಬೀಸುವ ಪದ, ಹಂತಿಯ ಪದ, ಎಷ್ಟೆಂದು ಹೇಳುವುದು? ಇವುಗಳಲ್ಲಿ ಮಠ, ದರ್ಗಾಗಳ ಆಶ್ರಯವುಳ್ಳವು ಹೇಗೋ ಉಳಿದಾವು. ನಮ್ಮ ಚಿಂತೆಯೆಲ್ಲ ದುಡಿಮೆಯ ಹಾಡುಗಳನ್ನು ಕುರಿತದ್ದು. ಕಣದ ನಡುವೆ ಮೇಟಿ ನೆಟ್ಟು, ಜೋಳದ ತೆನೆ ಹರಡಿ, ಎತ್ತುಗಳ ಹಂತಿ ಕಟ್ಟಿ ಸುತ್ತು ಹಾಕುತ್ತ ರಾತ್ರಿಯೆಲ್ಲ ಹಾಡುತ್ತಿದ್ದ ಪದಗಳು ರಾಶಿಯ ಯಂತ್ರ ಬಂದೊಡನೆ ನಿಂತುಹೋದವು. ಹಿಟ್ಟಿನ ಗಿರಣಿ ಬಂದಂದೇ ಬೀಸುವ ಕಲ್ಲು ಮೂಲೆ ಸೇರಿತು, ಪದವೂ ಸೇರಿತು. ಗಿರಣಿಯನ್ನು ದೂರುವುದು ನ್ಯಾಯವಲ್ಲ. ಬೆಳಗಿನ ಜಾವ ಎದ್ದು ಬೀಸಿ ತೋಳು ಸೋತವರು ನಮ್ಮ ತಾಯಂದಿರು.

ಶತಮಾನೋತ್ಸವದ ಸಿದ್ಧತೆಯ ಸಂದರ್ಭದಲ್ಲಿ ನಮ್ಮ ಸಮಿತಿಯವರು ಹಿರಿಯರ ಮನೆಗಳಿಗೆ ಹೋಗಿ ಮೊಬೈಲಿನಲ್ಲಿ ಧ್ವನಿ ಹಿಡಿಯತೊಡಗಿದೆವು. ಒಬ್ಬ ಅಜ್ಜಿ ಕುರ್ಚಿಯ ಮೇಲೆ ಕುಳಿತಾಗ ನಾಲ್ಕು ನುಡಿ ದಾಟಲಿಲ್ಲ. ಅಟ್ಟದಿಂದ ಬೀಸುವ ಕಲ್ಲನ್ನು ಇಳಿಸಿ ಮುಂದಿಟ್ಟೆವು. ಗೂಟಕ್ಕೆ ಕೈ ಹಚ್ಚಿದ್ದೇ ತಡ, ಮುಕ್ಕಾಲು ಗಂಟೆ ಹಾಡಿದರು. ಕೊನೆಗೆ, “ನನ್ನ ಪದ ಆ ಡಬ್ಬ್ಯಾಗ ಹೊಕ್ತೇನೋ ತಮ್ಮಾ?” ಎಂದು ಕೇಳಿದರು. ಹೊಕ್ಕಿದೆ ಎಂದೆವು. ಆದರೆ ಆ ಮೊಬೈಲು ಮಳೆಯಲ್ಲಿ ನೆನೆದು ಕೆಟ್ಟಿತು. ಬೇರೊಂದು ಪ್ರತಿಯನ್ನು ನಾವು ಮಾಡಿರಲಿಲ್ಲ. ಮತ್ತೆ ಹೋಗೋಣವೆನ್ನುವಷ್ಟರಲ್ಲಿ ಅಜ್ಜಿ ದೈವಾಧೀನರಾದರು. ಸಮಿತಿಯ ಒಬ್ಬರಿಗೆ ವಾಟ್ಸಾಪಿನಲ್ಲಿ ಕಳುಹಿಸಿದ್ದ ನಾಲ್ಕು ನಿಮಿಷದ ತುಣುಕೊಂದೇ ನಮ್ಮಲ್ಲಿ ಉಳಿದದ್ದು. ಅದೂ ಕುಗ್ಗಿಸಿದ ಧ್ವನಿ.

ಈ ತಪ್ಪು ನಮ್ಮದೇ. ಗ್ರಾಮಫೋನ್ ತಟ್ಟೆ ಗೀರು ಬಿದ್ದರೂ ಅಷ್ಟಿಷ್ಟು ಹಾಡುತ್ತದೆ. ಡಿಜಿಟಲ್ ಕಡತವಾದರೋ ಕೆಟ್ಟಿತೆಂದರೆ ಬಹುಮಟ್ಟಿಗೆ ಪೂರ್ತಿ ಕೆಟ್ಟಂತೆ. ಅಂದಿನಿಂದ ನಾವು ಕಟ್ಟುನಿಟ್ಟಿನ ಕ್ರಮವೊಂದನ್ನು ಇಟ್ಟುಕೊಂಡಿದ್ದೇವೆ. ಹಾಡುವವರ ಒಪ್ಪಿಗೆಯನ್ನು ಮೊದಲು ಪಡೆಯುತ್ತೇವೆ. ಮನೆಯೊಳಗಿನ ಶೋಕದ ಪದವನ್ನು ಊರಿಗೆಲ್ಲ ಕೇಳಿಸಲು ಅವರು ಒಪ್ಪದಿದ್ದರೆ ಕೇಳಿಸುವುದಿಲ್ಲ. ಹೆಸರು, ಊರು, ದಿನಾಂಕ, ಯಾವ ಕೆಲಸದ ಪದ, ಯಾರಿಂದ ಕಲಿತದ್ದು, ಇವನ್ನು ಮುದ್ರಣದ ಆರಂಭದಲ್ಲಿಯೇ ಅವರ ಬಾಯಿಂದ ಹೇಳಿಸುತ್ತೇವೆ. ಧ್ವನಿಯನ್ನು ಕುಗ್ಗಿಸದೆ ‘ವೇವ್’ ಕಡತವಾಗಿ ಇಡುತ್ತೇವೆ. ಅಂದೇ ಸಂಜೆ ಮೂರು ಪ್ರತಿಗಳಾಗುತ್ತವೆ, ಒಂದು ಬೇರೆ ಊರಿನಲ್ಲಿರುತ್ತದೆ. ಪ್ರತಿ ವರ್ಷ ತೆರೆದು ಕೇಳಿ ನೋಡುತ್ತೇವೆ, ಕೆಲವು ವರ್ಷಗಳಿಗೊಮ್ಮೆ ಹೊಸ ಡಿಸ್ಕಿಗೆ ದಾಟಿಸಬೇಕಾಗುತ್ತದೆ.

ಹಿಂದೆ ಮದುವೆ, ಹಬ್ಬಗಳಲ್ಲಿ ಟೇಪ್‌ರೆಕಾರ್ಡರಿನಲ್ಲಿ ಹಿಡಿದ ಕ್ಯಾಸೆಟ್ಟುಗಳು ಹಲವು ಮನೆಗಳ ಪೆಟ್ಟಿಗೆಗಳಲ್ಲಿ ಬೂಷ್ಟು ಹಿಡಿಯುತ್ತಿರುವುದನ್ನು ಕಂಡಿದ್ದೇವೆ. ಅವನ್ನು ಸುಮ್ಮನೆ ಹಾಕಿ ನುಡಿಸಲು ಹೋದರೆ ಟೇಪು ಹರಿದೀತು. ಹಾಗೆಯೇ ತಂದು ಸಮಿತಿಯವರ ಕೈಗೆ ಕೊಡಬೇಕೆಂದು ಧರ್ಮಕೇಂದ್ರದ ಸಮಸ್ತ ಕುಟುಂಬಗಳಲ್ಲಿ ನಮ್ಮ ಬಿನ್ನಹ. ನಕಲು ಮಾಡಿಕೊಂಡು ಮೂಲವನ್ನು ನಿಮಗೇ ಹಿಂದಿರುಗಿಸುತ್ತೇವೆ.